ಪಾಕದ ಗುರುಸಿದ್ದಯ್ಯನ ಶುಗರ್

ನಮ್ಮ ಮಾವ ಗುರುಸಿದ್ದಯ್ಯನವರ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕಾಗುತ್ತದೆ. ಅವರಿಗೆ ಆದದ್ದು ನನ್ನಿಂದ ಆದದ್ದು. ಅದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡು ಯಾರನ್ನೂ ಬೆಚ್ಚಿಬೀಳಿಸುವ ಆಸೆ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನಾನು ಶಿವರಂಜಿನಿ. ಉಡಿಗಾಲದ ಹತ್ತಿರ ನಮ್ಮೂರು. ಊರಿನ ಹಾಲಿನ ಡೈರಿಯಲ್ಲಿ ಹನ್ನೊಂದು ವರ್ಷದಿಂದ ಟೆಸ್ಟರ್ ಆಗಿದ್ದೇನೆ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಾಗಿ ಬರುವವರ ಹಾಲಿನಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ಮೆಷಿನ್ನಿನಲ್ಲಿ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಆ ಸಾಲಿನಲ್ಲಿ ಹುಚ್ಚಯ್ಯ ಎನ್ನುವವರೊಬ್ಬರಿದ್ದಾರೆ. “ನನ್ ಎಮ್ಮೆ ಆಣೆಗೂ ಒಂದ್ ತೊಟ್ಟು ನೀರ್ ಉಯ್ದಿಲ್ಲ ಕಣವ್ವ” ಎಂದು ವಾರಕ್ಕೆರಡು ಸಲ ಆಣೆ ಇಡುತ್ತಾರೆ. “ಹಂಗಾರೆ ಎಮ್ಮೆನೇ ಉಯ್ಕಂಡಿರ್ಬೇಕು. ಅದುನ್ನೇ ಕರ್ಕಬನ್ನಿ, ಕೇಳನ” ಎನ್ನುತ್ತೇನೆ ನಾನು. ಸಾಲಿಗೆ ಸಾಲೇ ನಗುತ್ತದೆ. ಮನುಷ್ಯರು ಹೇಳುವುದು ಒಂದು, ಮೆಷಿನ್ ತೋರಿಸುವುದು ಇನ್ನೊಂದು ಆದಾಗ ನಾನು ಯಾವಾಗಲೂ ಮೆಷಿನ್ನಿನ ಕಡೆ. ಈ ಬುದ್ಧಿಯನ್ನು ಡೈರಿಯಲ್ಲೇ ಬಿಟ್ಟು ಬರಬೇಕಿತ್ತು. ಮನೆಗೂ ತಂದೆ.

ಮಾವನದು ಆಲೆಮನೆ ಕೆಲಸ. ನಮ್ಮೂರಿಂದ ಸಂತೆಮರಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ರಾಚಯ್ಯನವರ ಆಲೆಮನೆ ಇದೆ. ನಲವತ್ತು ವರ್ಷದಿಂದ ಅಲ್ಲಿ ಪಾಕ ನೋಡುವವರು ಇವರೇ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಗಟ್ಟಿಯಾಗುವಾಗ, ಉರಿ ನಿಲ್ಲಿಸುವ ಕ್ಷಣ ಯಾವುದು ಎಂದು ಒಬ್ಬರು ಹೇಳಬೇಕು. ಸ್ವಲ್ಪ ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಮಾವ ಕುದಿಯುವ ಪಾಕವನ್ನು ಸೌಟಿನ ತುದಿಯಲ್ಲಿ ಎತ್ತಿ ಬಟ್ಟಲಿನ ನೀರಿಗೆ ಬಿಡುತ್ತಾರೆ. ನೀರಿನೊಳಗೆ ಬೆರಳು ಹಾಕಿ ಅದನ್ನು ಒಟ್ಟು ಮಾಡಿ ಉರುಳಿಸುತ್ತಾರೆ. ಕಣ್ಣು ಬೇರೆಲ್ಲೋ ಇರುತ್ತದೆ. “ಇನ್ನೊಂದ್ ಉರಿ” ಎಂದರೆ ಇನ್ನೊಂದು ಉರಿ, “ಇಳಸ್ರಲಾ” ಎಂದರೆ ನಾಲ್ಕು ಜನ ಓಡಿಬಂದು ಕೊಪ್ಪರಿಗೆ ಇಳಿಸುತ್ತಾರೆ. ಗುಂಡ್ಲುಪೇಟೆ ದಾಟಿ ಬರುವ ಕೇರಳದ ಲಾರಿಯವರು “ಗುರುಸಿದ್ದಯ್ಯಂಡೆ ಶರ್ಕರ ಉಂಡೋ?”, ಗುರುಸಿದ್ದಯ್ಯನ ಬೆಲ್ಲ ಇದೆಯಾ, ಎಂದು ಕೇಳಿಕೊಂಡೇ ಒಳಗೆ ಕಾಲಿಡುತ್ತಾರೆ.

ವಿಚಿತ್ರವೆಂದರೆ ಅವರು ಆಲೆಮನೆಯಲ್ಲಿ ಬೆಲ್ಲವನ್ನು ಬಾಯಿಗೆ ಹಾಕುವುದಿಲ್ಲ. ಕೆಲಸಗಾರರು, ದಾರಿಹೋಕರು, ಯಾರು ಬೇಕಾದರೂ ಬಿಸಿ ಬೆಲ್ಲ ಕೇಳಿ ತಿನ್ನಬಹುದು, ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಇವರು ಮಾತ್ರ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಕೇಳಿದ್ದೆ. “ನಾಲ್ಗೆ ನಂಬಕಾಗಲ್ಲ ಕಣವ್ವ, ಎಲ್ಡು ಕೊಪ್ರಿಗೆ ಆಗೋತ್ಗೆ ಜಡ್ಡ್ ಹಿಡ್ಕತದೆ. ಬೆಳ್ಳೇ ವಾಸಿ” ಎಂದು ಬೆರಳು ತೋರಿಸಿದ್ದರು. ತೆರಕಣಾಂಬಿಯಿಂದ ಸೊಸೆಯಾಗಿ ಬಂದು ಹದಿನೈದು ವರ್ಷವಾಯಿತು, ಅವರು ಇಷ್ಟು ಉದ್ದದ ಮಾತನ್ನು ನನ್ನ ಹತ್ತಿರ ಆಡಿದ್ದು ನಾಲ್ಕೈದು ಸಲವಿರಬಹುದು. ಈಗಲೂ ಮನೆಯೊಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಾರೆ, ಸೊಸೆ ಹೇಗಿದ್ದಾಳೋ ಏನೋ ಎಂದು. ಅತ್ತೆ ಪುಟ್ಟಮ್ಮ ತೀರಿಕೊಂಡ ಮೇಲಂತೂ ಅವರ ಕೆಮ್ಮೇ ಜಾಸ್ತಿ, ಮಾತು ಕಡಿಮೆ. ನನಗೆ ಅವರಿಂದ ಇದ್ದ ತೊಂದರೆ ಒಂದೇ, ಇರುವೆ. ಅವರ ಟವಲ್ಲು, ಅಂಗಿ, ಕೊನೆಗೆ ಮಲಗುವ ಚಾಪೆಗೂ ಇರುವೆ ಹತ್ತುತ್ತಿತ್ತು. ಅವರ ಬಟ್ಟೆಯನ್ನು ಬೇವಿನ ಮರಕ್ಕೆ ಬೇರೆ ಹಗ್ಗ ಕಟ್ಟಿ ಹಾಕುತ್ತಿದ್ದೆ, ಗೊಣಗುತ್ತಾ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಅವರ ಪಾದದ ಮೇಲೆ ಪಾಕ ಸಿಡಿದು ಸುಟ್ಟಿತು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ನನ್ನ ಗಂಡ ಸುಧಾಕರ್ ಗುಂಡ್ಲುಪೇಟೆಯಲ್ಲಿ ಲೈನ್‌ಮನ್. ಒಂದು ದಿನ ಅಪ್ಪನನ್ನು ಜೊತೆಗೇ ಕರೆದುಕೊಂಡು ಹೋಗಿ ಅಲ್ಲಿನ ಒಬ್ಬ ಡಾಕ್ಟರಿಗೆ ತೋರಿಸಿದರು. ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದಾಗ ಖಾಲಿ ಹೊಟ್ಟೆಯಲ್ಲಿ 164, ಊಟವಾದ ಮೇಲೆ 240. ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಟೆಸ್ಟಿನಲ್ಲಿ 7.7. ಟೈಪ್ ಟು ಸಕ್ಕರೆ ಕಾಯಿಲೆ. “ಈಗ ತಾನೇ ಕೈಗೆ ಸಿಕ್ಕಿದೆ, ಗಾಬರಿ ಬೇಡ” ಎಂದು ಡಾಕ್ಟರು ಒಂದು ಮಾತ್ರೆ ಬರೆದು, ಒಂದು ಚೀಟಿಯಲ್ಲಿ ಗೆರೆ ಎಳೆದು ಕೊಟ್ಟರು: ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ. ಎಪ್ಪತ್ತಕ್ಕಿಂತ ಇಳಿದರೆ ಅಪಾಯ, ತಕ್ಷಣ ಸಿಹಿ ಕೊಡಿ ಎಂದೂ ಕೆಳಗೆ ಬರೆದಿದ್ದರು. ನಾನು ಮೇಲಿನ ಎರಡು ಸಾಲು ಬಾಯಿಪಾಠ ಮಾಡಿಕೊಂಡೆ. ಮೂರನೆಯದು ನಮಗಲ್ಲ ಎಂದುಕೊಂಡೆ.

ಸುಧಾಕರ್ ಒಂದು ಸಣ್ಣ ಮೆಷಿನ್ ತಂದು ನನ್ನ ಕೈಗೇ ಕೊಟ್ಟರು. “ಟೆಸ್ಟಿಂಗ್ ನಿನ್ ಡಿಪಾರ್ಟ್‌ಮೆಂಟು” ಎಂದರು. ಬೆರಳು ಚುಚ್ಚಿ, ಒಂದು ಹನಿ ಪಟ್ಟಿಗೆ ತಾಗಿಸಿದರೆ ಐದು ಸೆಕೆಂಡಿಗೆ ನಂಬರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೊಸ ನೋಟ್‌ಬುಕ್ ತೆಗೆದು ತಾರೀಕು, ಹೊತ್ತು, ರೀಡಿಂಗ್ ಎಂದು ಮೂರು ಕಾಲಂ ಹಾಕಿದೆ.

ಮಾವ ನಾಲ್ಕು ಗಂಟೆಗೇ ಎದ್ದು ಏನೂ ತಿನ್ನದೆ ಆಲೆಮನೆಗೆ ಹೋಗಿ, ಎಂಟೂವರೆಗೆ ರೊಟ್ಟಿ ತಿನ್ನಲು ಮನೆಗೆ ಬರುತ್ತಾರೆ. ನಾನೂ ಡೈರಿ ಮುಗಿಸಿ ಅಷ್ಟು ಹೊತ್ತಿಗೆ ಬರುತ್ತೇನೆ. ಆಗ ಖಾಲಿ ಹೊಟ್ಟೆಯ ರೀಡಿಂಗ್ ನೋಡುವುದೆಂದು ತೀರ್ಮಾನ ಮಾಡಿದೆ. ಅವರು ಹೊರಡುವ ಮುಂಚೆಯೇ ನಾಲ್ಕಕ್ಕೆ ಯಾಕೆ ನೋಡಲಿಲ್ಲ ಎಂದರೆ, ನಾನು ಏಳುವುದು ಐದಕ್ಕೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಮೊದಲ ದಿನ ಮಾವ ಬಂದವರೇ ನೀರಿನ ತೊಟ್ಟಿಯ ಕಡೆ ತಿರುಗಿದರು.

“ಕೈ ತೊಳ್ಕಬತ್ತೀನಿ ತಾಳವ್ವ.”

“ಬ್ಯಾಡಿ ಮಾವ, ನೀರ್ ಮುಟ್ಬೇಡಿ! ಒದ್ದೆ ಬೆಳ್ಳಾದ್ರೆ ರಕ್ತುಕ್ಕೆ ನೀರ್ ಬೆರ್ತು ರೀಡಿಂಗ್ ಕಮ್ಮಿ ತೋರುಸ್ತದೆ” ಎಂದೆ ನಾನು.

ಹನ್ನೊಂದು ವರ್ಷದಿಂದ ನನ್ನ ತಲೆಯಲ್ಲಿರುವುದು ಒಂದೇ, ನೀರು. ಸ್ಯಾಂಪಲ್ಲಿಗೆ ನೀರು ಸೇರಬಾರದು. ಗುಂಡ್ಲುಪೇಟೆಯಲ್ಲಿ ನರ್ಸು ಸ್ಪಿರಿಟ್ ಹತ್ತಿಯಿಂದ ತೋಳು ಒರೆಸಿ ರಕ್ತ ತೆಗೆದದ್ದನ್ನು ಸುಧಾಕರ್ ಹೇಳಿದ್ದರು. ಅದು ನಂಜಾಗದಿರಲಿ ಎಂದು ಮಾಡುವುದು, ನಮ್ಮ ಮನೆಯಲ್ಲಿ ಯಾವ ನಂಜು ಎಂದು ಬಿಟ್ಟೆ. ಮಾವ ತೊಟ್ಟಿಯಿಂದ ಹಿಂದಕ್ಕೆ ಬಂದು, ಕೈಯನ್ನು ಟವಲ್ಲಿಗೆ ಒರೆಸಿಕೊಂಡು, ಬೆರಳು ಚಾಚಿದರು. ಅಂದಿನಿಂದ ಅವರು ರೀಡಿಂಗ್ ಆಗುವ ತನಕ ನೀರು ಮುಟ್ಟಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ.

ಮೊದಲ ರೀಡಿಂಗ್ 291. ಮಾರನೆಯ ದಿನ 334. ಅದರ ಮಾರನೆಯ ದಿನ 410.

“ಆಲೆಮನೇಲಿ ಏನಾರ ತಿಂದ್ರಾ ಮಾವ?”

“ಇಲ್ಲ ಕಣವ್ವ.”

“ಕಬ್ನಾಲು?”

“ನೀರ್ ಬುಟ್ರೆ ಏನೂ ಇಲ್ಲ ಕಣವ್ವ.”

ನಾನು ಸುಮ್ಮನೆ ಬರೆದುಕೊಂಡೆ. ಆದರೆ ಡೈರಿಯಲ್ಲಿ ಆಣೆ ಇಡುವವರನ್ನು ನೋಡುವ ಕಣ್ಣಲ್ಲೇ ಅವರನ್ನು ನೋಡಿದೆ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿರಬೇಕು. ಅಂದು ರೊಟ್ಟಿಯನ್ನು ಎರಡರಿಂದ ಒಂದಕ್ಕೆ ಇಳಿಸಿದರು.

ಆ ವಾರ ಗಾಣದ ಮೋಟರ್ ಕೆಟ್ಟು ಎರಡು ದಿನ ಆಲೆಮನೆ ನಿಂತಿತು. ಮಾವ ಮನೆಯಲ್ಲೇ ಇದ್ದರು, ನನ್ನ ಕಣ್ಣೆದುರಿಗೆ. ಮೊದಲ ದಿನ 142, ಎರಡನೆಯ ದಿನ 136. ಮೂರನೆಯ ದಿನ ಆಲೆಮನೆ ಶುರುವಾಯಿತು, 378. ಇನ್ನೇನು ಬೇಕು? ಮನೆಯಲ್ಲಿದ್ದರೆ ಸರಿ, ಆಲೆಮನೆಗೆ ಹೋದರೆ ಏರುತ್ತದೆ. ಸ್ಕೂಲಿಗೆ ಹೋಗುವ ಮಗುವೂ ಈ ಲೆಕ್ಕ ಹೇಳುತ್ತದೆ. ನೋಟ್‌ಬುಕ್ ತಿರುಗಿಸಿ ಮಾವನ ಮುಂದೆ ಹಿಡಿದೆ.

“ನೋಡಿ ಮಾವ, ನಾನು ಯೋಳ್ತಿರದಲ್ಲ, ಮೆಷಿನ್ ಯೋಳ್ತಿರದು. ಮೆಷಿನ್‌ಗೆ ನಿಮ್ ಮ್ಯಾಲೆ ದ್ವೇಷ ಅದಾ?”

ಅವರು ನೋಟ್‌ಬುಕ್ಕನ್ನು ಬಹಳ ಹೊತ್ತು ನೋಡಿದರು. ಅಕ್ಷರ ಬರುವುದಿಲ್ಲ, ನಂಬರು ಬರುತ್ತದೆ. “ನಂಗೊತ್ತಿಲ್ಲ ಕಣವ್ವ, ನಾನಂತೂ ತಿಂದಿಲ್ಲ” ಎಂದರು.

ನನಗೆ ಉರಿದುಹೋಯಿತು. ಕಾಯಿಲೆಗಿಂತ ಹೆಚ್ಚಾಗಿ ಸುಳ್ಳು ಉರಿಸಿತು. ನಮ್ಮ ಅಮ್ಮ ತೆರಕಣಾಂಬಿಯಲ್ಲಿ ಅಪ್ಪನ ಬೀಡಿ ಬಿಡಿಸಿದ್ದು ಊಟ ಬಿಟ್ಟು. ಅದೇ ಹತಾರ ನಾನೂ ಎತ್ತಿದೆ. “ನೀವು ನಿಜ ಯೋಳೋ ಗಂಟ ನಾನು ಉಣ್ಣಕಿಲ್ಲ ಮಾವ” ಎಂದು ಹೇಳಿ, ಅವರಿಗೂ ಗಂಡನಿಗೂ ಬಡಿಸಿ, ನನ್ನ ತಟ್ಟೆಯನ್ನು ಕವುಚಿ ಇಟ್ಟೆ. ಸುಧಾಕರ್ ಜಗಳಕ್ಕೂ ಊಟಕ್ಕೂ ನಂಟು ಹಾಕುವವರಲ್ಲ, ಅವರ ಪಾಡಿಗೆ ಉಂಡರು. ಮಾವ ತಟ್ಟೆಯ ಮುಂದೆ ಕೂತೇ ಇದ್ದರು. ಮಾರನೆಯ ದಿನವೂ ಹಾಗೇ ಆಯಿತು. ಡೈರಿಯಲ್ಲಿ ನಾನು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಲು ಕುಡಿದಿದ್ದೆ, ಅಂಗಡಿಯಿಂದ ಬನ್ನು ತರಿಸಿದ್ದೆ. ಅದನ್ನು ಮನೆಯಲ್ಲಿ ಹೇಳಲಿಲ್ಲ. ನಿಜ ಹೇಳಿ ಎಂದು ಅವರನ್ನು ಹಿಡಿದುಕೊಂಡು ಕೂತವಳು ನಾನು.

ಎರಡನೆಯ ದಿನ ಸಂಜೆ ಮಾವ ಬಾಗಿಲಲ್ಲಿ ಕೆಮ್ಮಿದರು. ಒಳಗೆ ಬರಲಿಲ್ಲ, ಅಲ್ಲೇ ನಿಂತು ಹೇಳಿದರು.

“ತಿಂದೆ ಕಣವ್ವ. ಒಂಚೂರು ತಿಂದ್ಬುಟ್ಟೆ. ಇನ್ ತಿನ್ನಲ್ಲ. ನೀ ಉಣ್ಣು.”

ನನಗೆ ಆಗ ಆದದ್ದು ಸಂತೋಷ. ಕರುಣೆ ಅಲ್ಲ, ಮರುಕ ಅಲ್ಲ, ಸಂತೋಷ. ಹುಚ್ಚಯ್ಯ ಒಂದು ದಿನ ಬಂದು “ಹೂಂ ಕಣವ್ವ, ನೀರ್ ಉಯ್ದೆ” ಎಂದರೆ ಆಗುವಂಥದ್ದು. ಆ ಸಂತೋಷವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಒಪ್ಪಿಕೊಂಡ ಮಾರನೆಯ ದಿನವೂ 352 ಬಂದದ್ದರಿಂದ ಸ್ಕೂಟರ್ ಹತ್ತಿ ನೇರವಾಗಿ ಆಲೆಮನೆಗೆ ಹೋದೆ. ಮಾವ ಕೊಪ್ಪರಿಗೆಯ ಆಚೆ ಕಡೆ ಹೊಗೆಯಲ್ಲಿದ್ದರು. ಎಂಟು ಹತ್ತು ಜನ ಕೆಲಸದವರಿದ್ದರು.

“ರಾಚಯ್ಯಣ್ಣ, ನಮ್ ಮಾವ ಇಲ್ಲಿ ಬೆಲ್ಲ ಕದ್ ತಿಂತಾವ್ರೆ. ಶುಗರ್ ನಾನೂರಕ್ಕೋಗದೆ. ನಿಮ್ ದಮ್ಮಯ್ಯ, ಯಾರೂ ಅವ್ರ್ ಕೈಗೆ ಸೀ ಪದಾರ್ಥ ಕೊಡ್ಬೇಡಿ. ಕೇಳಿದ್ರೂ ಕೊಡ್ಬೇಡಿ.”

ಕದ್ದು ಎಂದೆ. ಯಾರು ಬೇಕಾದರೂ ಕೇಳಿ ತಿನ್ನುವ ಜಾಗದಲ್ಲಿ, ನಲವತ್ತು ವರ್ಷ ಬಾಯಿಗಿಡದ ಮನುಷ್ಯನ ಬಗ್ಗೆ ಆ ಮಾತು ಆಡಿದೆ. ರಾಚಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡರು. ಮಾವ ಬಟ್ಟಲಿನ ನೀರಿಗೆ ಬೆರಳು ಹಾಕಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಅವರಿಗೆ ಕೇಳಿಸಿತು ಎಂದು ನನಗೆ ಚೆನ್ನಾಗಿ ಗೊತ್ತು.

ಮರುದಿನ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ ಡಾಕ್ಟರ ಮುಂದೆ ನೋಟ್‌ಬುಕ್ ಇಟ್ಟೆ. ಅವರು ಹುಬ್ಬು ಗಂಟು ಹಾಕಿದರು.

“ಲ್ಯಾಬಿನಲ್ಲಿ ಇಷ್ಟಿರಲಿಲ್ಲವಲ್ಲಮ್ಮ. ನೀವು ಸರಿಯಾಗಿ ನೋಡ್ತಿದ್ದೀರಾ?”

“ಹನ್ನೊಂದು ವರ್ಷದಿಂದ ಟೆಸ್ಟಿಂಗ್ ಕೆಲಸವೇ ಮಾಡೋದು ಸಾರ್.”

“ಅವರನ್ನೇ ಕರೆತನ್ನಿ. ಇನ್ನೊಂದು ಸಲ ಲ್ಯಾಬಿನಲ್ಲಿ ನೋಡೋಣ.”

“ಬೆಲ್ಲ ತಿಂತಾರೆ ಸಾರ್. ಅವರೇ ಒಪ್ಪಿಕೊಂಡಿದ್ದಾರೆ.”

ಒಪ್ಪಿಕೊಂಡಿದ್ದಾರೆ ಎಂದ ಮೇಲೆ ಡಾಕ್ಟರಾದರೂ ಏನು ಮಾಡಿಯಾರು? ಶುಗರ್ ಇಳಿಸುವ ಇನ್ನೊಂದು ಮಾತ್ರೆಯನ್ನು ಅರ್ಧ ಅರ್ಧ ಕೊಡಲು ಹೇಳಿದರು. ಇದು ತುಂಬ ಇಳಿಸಿಬಿಡಬಹುದು, ಊಟ ತಪ್ಪಿಸಬಾರದು, ಬೆವರು ನಡುಕ ಬಂದರೆ ಸಿಹಿ ಕೊಡಿ, ನಾಲ್ಕು ದಿನದಲ್ಲಿ ಕರೆದುಕೊಂಡೇ ಬನ್ನಿ ಎಂದು ಎರಡು ಸಲ ಹೇಳಿದರು. ನಾಲ್ಕು ದಿನ ಆಯಿತು, ಎಂಟು ದಿನ ಆಯಿತು, ಡೈರಿಯಲ್ಲಿ ಆಡಿಟ್ ನಡೆಯುತ್ತಿತ್ತು, ಹೋಗಲಿಲ್ಲ. ರೀಡಿಂಗ್ ಇಳಿಯಲಿಲ್ಲ. ಅರ್ಧ ಮಾತ್ರೆ ಸಾಲದು ಎಂದು ನಾನೇ ನಿರ್ಧಾರ ಮಾಡಿ ಒಂದು ಕೊಟ್ಟೆ. ಅದಕ್ಕೂ ಬಗ್ಗದಿದ್ದಾಗ ಎರಡು ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಮಾವ ಕೈ ಚಾಚಿ ಇಸಿದುಕೊಂಡು ನುಂಗಿದರು.

ಎರಡು ಕೊಟ್ಟ ದಿನ ಆಡಿಟ್ಟಿಗೆಂದು ಮತ್ತೆ ಡೈರಿಗೆ ಹೋಗಿದ್ದೆ, ಹನ್ನೊಂದೂವರೆಗೆ ಅಲ್ಲಿಗೆ ಫೋನ್ ಬಂತು. ರಾಚಯ್ಯ.

“ಬ್ಯಾಗ್ನೆ ಬಾ ಕಣಮ್ಮಿ. ನಿಮ್ಮಾವುಂಗೆ ಏನೋ ಆಗೋಗದೆ. ಪಾಕ ಹೊತ್ತೋದ್ರೂ ಇಳ್ಸಿ ಅನ್ನಿಲ್ಲ.”

ಮೆಷಿನ್ ಬ್ಯಾಗಿನಲ್ಲೇ ಇತ್ತು. ಹೋಗುವಷ್ಟರಲ್ಲಿ ಆಲೆಮನೆಯ ತುಂಬ ಸುಟ್ಟ ವಾಸನೆ. ಮಾವನನ್ನು ಕಬ್ಬಿನ ಸಿಪ್ಪೆಯ ಮೇಲೆ ಮಲಗಿಸಿದ್ದರು. ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಬೆವರಿದ್ದರು, ಕೈ ನಡುಗುತ್ತಿತ್ತು. ಏನೋ ಹೇಳುತ್ತಿದ್ದರು, ನಾಲಿಗೆ ಹೊರಳುತ್ತಿರಲಿಲ್ಲ. ಕೆಲಸದ ಹೆಂಗಸೊಬ್ಬಳು ಕೈಯಲ್ಲಿ ಬೆಲ್ಲದ ಚೂರು ಹಿಡಿದು ನಿಂತಿದ್ದಳು.

“ಒಂಚೂರು ಬಾಯ್ಗಾಕನ ಅಂತಿದ್ದೆ ಅಕ್ಕ. ನೀವು ಕೊಡ್ಬ್ಯಾಡಿ ಅಂದಿದ್ರಲ್ಲ ಅಂತ ಕಾಯ್ತಾ ಇದ್ದೆ.”

“ತಾಳು” ಎಂದು ಬೆರಳು ಚುಚ್ಚಿದೆ. 268.

“ನೋಡಿ! ಯಾರೂ ಏನೂ ಕೊಡ್ಬೇಡಿ, ಬೆಲ್ಲ ತಿಂದೇ ಹಿಂಗಾಗಿರದು!” ಎಂದು ಕೂಗಿದೆ. ಆ ಹೆಂಗಸು ಬೆಲ್ಲವನ್ನು ಸೆರಗಿನೊಳಗೆ ಇಟ್ಟುಕೊಂಡಳು. ಸುತ್ತ ಒಂದು ಲೋಡು ಬೆಲ್ಲವಿತ್ತು. ಅದರ ನಡುವೆ ಸಿಹಿ ಇಲ್ಲದೆ ಸಾಯುತ್ತಿದ್ದ ಮನುಷ್ಯನ ಬಾಯಿಗೆ ಬರುವುದನ್ನು ನಾನು ನನ್ನ ಕೈಯಾರೆ ತಪ್ಪಿಸಿದೆ.

ರಾಚಯ್ಯ ಬೆಲ್ಲ ಸಾಗಿಸುವ ಆಟೋದಲ್ಲಿ ಸಂತೆಮರಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಮಾವನ ತಲೆ ನನ್ನ ತೊಡೆಯ ಮೇಲಿತ್ತು. ಹದಿನೈದು ವರ್ಷದಲ್ಲಿ ನಾನು ಅವರನ್ನು ಮುಟ್ಟಿದ್ದು ಬೆರಳು ಚುಚ್ಚುವುದಕ್ಕೆ ಬಿಟ್ಟರೆ ಅದೇ ಮೊದಲು. ಅರ್ಧ ದಾರಿಯಲ್ಲಿ ಕಣ್ಣು ಮೇಲೆ ಹೋಯಿತು.

ಅಲ್ಲಿನ ನರ್ಸು ಗಂಗಾಂಬಿಕೆ. “ಶುಗರ್ ಜಾಸ್ತಿಯಾಗಿದೆ, ಇನ್ನೂರ ಅರವತ್ತೆಂಟು” ಎಂದು ನಾನು ಹೇಳುತ್ತಲೇ ಇದ್ದೆ. ಅವರು ಮಾವನ ಕೈ ಹಿಡಿದವರು ನಿಂತರು.

“ಕೈ ಯಾಕಿಷ್ಟು ಅಂಟು?”

“ಆಲೆಮನೆ ಕೆಲಸ.”

ಗಂಗಾಂಬಿಕೆ ಒದ್ದೆ ಹತ್ತಿಯಿಂದ ಬೆರಳನ್ನು ಎರಡು ಮೂರು ಸಲ ಉಜ್ಜಿ ತೊಳೆದರು, ಒಣ ಬಟ್ಟೆಯಲ್ಲಿ ಒರೆಸಿದರು, ಚುಚ್ಚಿದರು. ಅವರ ಮೆಷಿನ್ನಿನಲ್ಲಿ 38 ಬಂತು. “ಡಾಕ್ಟ್ರೇ!” ಎಂದು ಕೂಗಿದರು. ನರಕ್ಕೆ ಗ್ಲೂಕೋಸ್ ಏರಿಸಿದರು. ಐದಾರು ನಿಮಿಷವಾಗಿರಬಹುದು. ಮಾವ ಕಣ್ಣು ಬಿಟ್ಟು ಸುತ್ತ ನೋಡಿ ಕೇಳಿದ ಮೊದಲ ಮಾತು, “ಕೊಪ್ರಿಗೆ ಇಳಸುದ್ರಾ?”

ಅವರು ಎದ್ದು ಕೂರುವಷ್ಟಾದ ಮೇಲೆ ಗಂಗಾಂಬಿಕೆ ನನ್ನ ಮೆಷಿನ್ ಇಸಿದುಕೊಂಡರು. ತೊಳೆದ ಬೆರಳಿನಲ್ಲಿ ನೋಡಿದರು, 154. ತೊಳೆಯದ ಇನ್ನೊಂದು ಕೈಯ ಬೆರಳಿನಲ್ಲಿ ನೋಡಿದರು, 347. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರು. “ರಕ್ತ ಒಂದೇ ಅಕ್ಕ, ಬೆರಳಿನ ಮೇಲಿರೋ ಬೆಲ್ಲಾನೂ ಮೆಷಿನ್ ಲೆಕ್ಕಕ್ಕೆ ತಗೊಳ್ಳುತ್ತೆ. ಹಣ್ಣು ಸುಲಿದ ಕೈಯಾದರೂ ಅಷ್ಟೇ. ಸೋಪಲ್ಲಿ ತೊಳೆದು, ಚೆನ್ನಾಗಿ ಒರೆಸಿ ನೋಡಬೇಕು. ಬೆವರು ನಡುಕ ಇದ್ದರೆ ಮೆಷಿನ್ ಏನೇ ಹೇಳಲಿ, ಮೊದಲು ಸಿಹಿ ಕೊಡಬೇಕು. ಮನೇಲಿ ಕೈ ತೊಳೆಸ್ತಿರಲಿಲ್ವಾ?”

ಒಂದು ಹಾಲಿನ ಸ್ಯಾಂಪಲ್ ಆದ ಮೇಲೆ ಇನ್ನೊಂದಕ್ಕೆ ಮುಂಚೆ ಬಾಟಲಿ ತೊಳೆಯದಿದ್ದರೆ ನಾನು ಡೈರಿಯ ಹುಡುಗಿಯರನ್ನು ಕೆಲಸದಿಂದ ತೆಗೆಸುತ್ತೇನೆ ಎನ್ನುತ್ತೇನೆ. ಇರುವೆಗಳಿಗೆ ಕಂಡ ಬೆಲ್ಲ ನನಗೆ ಕಾಣಲಿಲ್ಲ.  ಗಂಗಾಂಬಿಕೆಗೆ ಉತ್ತರ ಕೊಟ್ಟವರು ಮಾವ.

“ನಾನೇ ತೊಳ್ಕತಿರ್ನಿಲ್ಲ ಕಣವ್ವ. ಆಲೆಮನೆಯಿಂದ ಬಂದೇಟ್ಗೆ ಸುಸ್ತಾಗಿರದು.”

ನನ್ನೆದುರಿಗೇ, ನನ್ನನ್ನು ಉಳಿಸುವುದಕ್ಕೆ. ನಾನು ಆಗಲೂ ಬಾಯಿ ಬಿಡಲಿಲ್ಲ.

ಮೂರು ದಿನವಾದ ಮೇಲೆ ಆಲೆಮನೆಗೆ ಹೋದೆ. ಮಾವ ಮನೆಯಲ್ಲಿ ಮಲಗಿದ್ದರು. ಹಿಂದೆ ನಿಂತ ಜಾಗದಲ್ಲೇ ನಿಂತು, ಅಷ್ಟೇ ಜನರ ಮುಂದೆ ಹೇಳಿದೆ. ಮಾವ ಒಂದು ಚೂರು ಬೆಲ್ಲವನ್ನೂ ತಿಂದಿರಲಿಲ್ಲ, ಕೈ ತೊಳೆಯಲು ಹೋದವರನ್ನು ನಾನೇ ತಡೆದೆ, ಮಾತ್ರೆಯನ್ನು ನಾನೇ ಹೆಚ್ಚು ಮಾಡಿದೆ, ಕದ್ದರು ಎಂದದ್ದು ನನ್ನ ತಪ್ಪು.  

“ಅವ ತಿಂದಿಲ್ಲ ಅಂತ ನಮ್ಗೆ ಗೊತ್ತಿತ್ತು ಕಣಮ್ಮಿ” ಎಂದರು ರಾಚಯ್ಯ. “ನಿಂಗೆ ಯೋಳರ್ಯಾರು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಇನ್ನೊಂದು ಮಾತು ಹೇಳಿದರು. “ನೀ ಬಂದೋದ್ಮ್ಯಾಲೆ ಅವ ಬಾಯ್ಗೆ ಟವಲ್ ಬಿಗ್ದ್ಕಂಡು ಪಾಕ ನೋಡ್ತಿದ್ದ. ಯಾಕ್ಲಾ ಅಂದೆ. ಮೆಷಿನ್ ಅಷ್ಟೊಂದ್ ಯೋಳ್ತದೆ, ಮರ್ತು ಬಾಯ್ಗಾಕಂತಿದೀನೇನೋ ಅಂದ. ಆ ಹೊಗೇಲಿ, ಆ ಬಿಸೀಲಿ.”

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಸಂಜೆಯ ರೀಡಿಂಗ್ ಹೊತ್ತು. ನಾನು ಸೋಪು, ಬಿಸಿನೀರು ತಂದು ಅವರ ಎರಡೂ ಕೈಯನ್ನು ನಾನೇ ತೊಳೆದೆ. ಬೆರಳ ತುದಿಯ ಬಿರುಕುಗಳಲ್ಲಿ ಬೆಲ್ಲ ಕಂದು ಗೆರೆಯಾಗಿ ಕೂತಿತ್ತು, ಹಳೆಯ ಬ್ರಷ್ಷಿನಿಂದ ಉಜ್ಜಬೇಕಾಯಿತು. ಅವರಿಗೆ ನಾಚಿಕೆ, ಕೈ ಎಳೆದುಕೊಳ್ಳಲು ನೋಡುತ್ತಿದ್ದರು. ಬಿಡಲಿಲ್ಲ. ಒರೆಸಿ ನೋಡಿದರೆ 158 ಬಂತು. ಸರಿಯಾಗಿದೆ ಎಂದೆ. ಅವರು ತಲೆಯಾಡಿಸಿದರು.

ಕೇಳಬಾರದು ಎಂದುಕೊಂಡಿದ್ದೆ. ಕೇಳಿದೆ.

“ಅವತ್ತು ತಿಂದೆ ಅಂತ ಯಾಕಂದ್ರಿ ಮಾವ? ತಿಂದಿರ್ನಿಲ್ವಲ್ಲ.”

ಅವರು ಕಾಲಿನ ಗಾಯದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ, ಅದೇನು ದೊಡ್ಡ ಮಾತು ಎನ್ನುವ ಹಾಗೆ ಹೇಳಿದರು.

“ನಿಜ ಯೋಳ್ದೆ, ನೀ ಉಣ್ನಿಲ್ಲ. ಎಲ್ಡ್ ದಿನ ಆಗಿತ್ತಲ್ಲವ್ವ. ಹಸ್ಕಂಡಿದ್ದೆ ನೀನು.”

ಅವತ್ತು ನಾನು ಗೆದ್ದೆ ಎಂದುಕೊಂಡು ಎರಡು ಮುದ್ದೆ ಉಂಡಿದ್ದೆ, ಸಾರು ಎರಡು ಸಲ ಹಾಕಿಸಿಕೊಂಡಿದ್ದೆ. ಮಾವ ನನ್ನ ಎದುರಿಗೆ ಅರ್ಧ ಮುದ್ದೆ ಮುಂದಿಟ್ಟುಕೊಂಡು, ನಾನು ಉಣ್ಣುವುದು ಮುಗಿಯುವ ತನಕ ಕೂತಿದ್ದರು.